ಹೊಳಪಿನಲ್ಲಿ ಹೋದ ಎರಡು ಅಂಕಿ

ಈ ಮನೆಗೆ ಬಾಡಿಗೆಗೆ ಬಂದ ಹೊಸದರಲ್ಲಿ, ಮೇಲಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರಿದ್ದಾರೆಂದು ನಾನು ನಂಬಿದ್ದೆ. ನಂಬಲು ಕಾರಣಗಳೂ ಇದ್ದವು. ಬೆಳಗಿನಿಂದ ಜುಂಯ್ ಎಂದು ಯಂತ್ರ ತಿರುಗುವ ಸದ್ದು. ಮುಖ ಹುಳ್ಳಗೆ ಮಾಡಿಕೊಂಡು ಮೆಟ್ಟಿಲು ಹತ್ತಿದ ಗಂಡಸರು ಇಳಿಯುವಾಗ ಹಲ್ಲು ಕಿರಿಯುತ್ತಿದ್ದರು. ಒಮ್ಮೆ ಬಾಗಿಲಲ್ಲಿ ಕಂಡ ಹೆಂಗಸು ಮೂಗು ಬಾಯಿಗೆ ಮಾಸ್ಕ್, ಕಣ್ಣಿಗೆ ದಪ್ಪ ಕನ್ನಡಕ, ತಲೆಗೆ ಟೋಪಿ ಹಾಕಿದ್ದರು. ಇನ್ನೇನು ಬೇಕು? ದವಡೆ ಹಲ್ಲು ಕೈಕೊಟ್ಟ ದಿನ ಕೆನ್ನೆ ಹಿಡಿದುಕೊಂಡು ಹೋಗಿ, ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಕುಳಿತು ಬಾಯಿ ತೆರೆದೆ.

ಅವರು ಯಂತ್ರ ನಿಲ್ಲಿಸಿ, ಬಗ್ಗಿ ನೋಡಿದರು. "ಇದನ್ನೂ ಪಾಲಿಶ್ ಮಾಡ್ಬೇಕೇನಪ್ಪಾ? ಬಿಚ್ಚಿ ತಂದ್ರೆ ಮಾತ್ರ ನಾನು ಮುಟ್ಟೋದು."

ಒಳಗಿನಿಂದ ಅವರ ಗಂಡ ನಕ್ಕ ನಗು ಬೀದಿಯ ತುದಿಗೂ ಕೇಳಿಸಿರಬೇಕು. ಹಲ್ಲು ನೋಯುವವನಿಗೆ ಜೊತೆಯಲ್ಲಿ ನಗುವುದು ಎಷ್ಟು ಕಷ್ಟವೆಂದು ಅಂದೇ ತಿಳಿದದ್ದು.

ಬೀದಿಯವರಿಗೆಲ್ಲ ಅವರು ಪಾಲಿಶಕ್ಕ. ಹಿಂದೆ ಪಾತ್ರೆ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸಕ್ಕಿದ್ದರು. ಕಾರ್ಖಾನೆ ಮುಚ್ಚಿದಾಗ ಗುಜರಿಗೆ ಹೋಗಬೇಕಿದ್ದ ಮೋಟಾರನ್ನು ಮನೆಗೆ ತಂದು, ಕಿಟಕಿ ಪಕ್ಕದ ಮೇಜಿಗೆ ಬೋಲ್ಟು ಹಾಕಿ ಕೂರಿಸಿದರು. ಈಗ ಹಳೇ ಬೈಕುಗಳ ಸೈಲೆನ್ಸರು, ಹ್ಯಾಂಡಲು, ಎಂಜಿನ್ ಕವರು ಎಲ್ಲ ಅಲ್ಲಿಗೇ ಬರುತ್ತವೆ. ಅವರ ಗಂಡ ಟೈಲರು, ಅಕ್ಕ ಎಂದು ಕರೆದ ಮೇಲೆ ನನಗೆ ಭಾವ. ಅಂಗಡಿಯಲ್ಲಿ ಉಳಿದ ಹತ್ತಿ ಬಟ್ಟೆಯ ಚೂರುಗಳನ್ನು ದುಂಡಗೆ ಕತ್ತರಿಸಿ, ಪದರದ ಮೇಲೆ ಪದರವಿಟ್ಟು ಹೊಲಿದು, ಪಾಲಿಶ್ ಚಕ್ರ ಮಾಡಿಕೊಡುವುದು ಅವರ ಪಾಲಿನ ಸಂಸಾರ.

"ನಾನು ಹೊಲಿದ ಅಂಗಿ ವರ್ಷಗಟ್ಟಲೆ ಬಾಳುತ್ತೆ. ಇವಳಿಗೆ ಹೊಲಿದಿದ್ದು ವಾರಕ್ಕೇ ಧೂಳು," ಎಂದು ಭಾವ ಗೊಣಗುತ್ತಾರೆ.

"ನಿಮ್ಮ ಅಂಗಿಯಲ್ಲಿ ಯಾರ ಮುಖಾನಾದ್ರೂ ಕಾಣುತ್ತಾ?" ಎನ್ನುತ್ತಾರೆ ಅಕ್ಕ.

ಕೆಲಸದ ಕ್ರಮ ಅಕ್ಕನಿಗೆ ಮಡಿ ಇದ್ದ ಹಾಗೆ. ಮೊದಲು ಸೀಮೆಎಣ್ಣೆಯಲ್ಲಿ ತೊಳೆದು ಜಿಡ್ಡು ಬಿಡಿಸಬೇಕು. ಆಮೇಲೆ ಒರಟು ಉಪ್ಪುಕಾಗದದಿಂದ ನಯ ಕಾಗದದವರೆಗೆ ನೀರು ಹಾಕಿ ಉಜ್ಜಬೇಕು. ಕೊನೆಗೆ ಚಕ್ರಕ್ಕೆ ಮೇಣದ ಗಟ್ಟಿ ಹಚ್ಚಿ, ಸಾಮಾನನ್ನು ಅದಕ್ಕೆ ಹಿಡಿಯಬೇಕು. ಆದರೆ ಎಂಜಿನ್ನಿನ ಕವಚದ ಮೇಲೆ ಒತ್ತಿರುವ ನಂಬರನ್ನು ಮಾತ್ರ ಚಕ್ರಕ್ಕೆ ತೋರಿಸುವಂತಿಲ್ಲ. ಗಾಡಿಯ ಕಾಗದದಲ್ಲಿರುವುದೂ ಅದೇ ನಂಬರು. ಅದರ ಮೇಲೆ ದಪ್ಪ ಟೇಪು ಅಂಟಿಸಿ, ಸುತ್ತ ಬೆರಳಿನಿಂದಲೇ ಉಜ್ಜುತ್ತಾರೆ. ನಂಬರ್ ಅಳಿಸುವುದು ಕಳ್ಳ ಗಾಡಿ ಮಾರುವವರ ಕಸುಬು. ಆ ಹೆಸರು ಒಮ್ಮೆ ಅಂಟಿದರೆ ಯಾವ ಸೀಮೆಎಣ್ಣೆಗೂ ಹೋಗುವುದಿಲ್ಲ.

ಕಳೆದ ಭಾನುವಾರ ಚಹಾದ ನೆಪದಲ್ಲಿ ಮೇಲೆ ಹೋದಾಗ ಮೋಟಾರು ನಿಂತಿತ್ತು. ಅಕ್ಕ ಒಂದು ಕವಚವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನನ್ನ ಮುಖ ಅದರಲ್ಲಿ ಮೊಡವೆ ಸಮೇತ ಕಾಣುತ್ತಿತ್ತು. ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಇರಲಿಲ್ಲ.

"ನೀರು ಹಾಕಿ ಉಜ್ಜುವಾಗ ಟೇಪು ಬಿಟ್ಟುಹೋಯ್ತು. ಮತ್ತೆ ಅಂಟಿಸೋಣ ಅಂತಿದ್ದೆ. ಹೊಳಪು ಏರ್ತಾ ಇತ್ತಲ್ಲ, ಕೈ ನಿಲ್ಲಲಿಲ್ಲ ಕಣೋ," ಎಂದರು.

ಕವಚ ಕನ್ನಡಕದ ಅಂಗಡಿಯವರದು. ತಾವು ಓಡಿಸಿದ ಬೈಕನ್ನು ಮಗಳ ಹೆಸರಿಗೆ ಮಾಡಿಸುವವರಿದ್ದರು. ಮರುದಿನವೇ ವಾಹನ ಕಚೇರಿಯಲ್ಲಿ ನಂಬರ್ ನೋಡುವುದಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಕವಚಕ್ಕೆ ಬರುವವರಿದ್ದರು.

"ಮೊದಲೇ ಸವೆದಿತ್ತು ಅಂದ್ಬಿಡು. ಅವರೇನು ಫೋಟೋ ತೆಗೆದಿಟ್ಟಿದ್ದಾರಾ?" ಎಂದರು ಭಾವ. "ಇಲ್ಲದಿದ್ರೆ ನಾಳೆ ಪೊಲೀಸ್ನೋರು ಬಂದು ಇದೇ ಕುರ್ಚೀಲಿ ಕೂರ್ತಾರೆ."

ಇಲ್ಲಿ ನಾನು ಬಾಯಿ ಹಾಕಿದೆ. ಗಿರಾಕಿಗಳ ದೂರಿಗೆ ಉತ್ತರ ಬರೆಯುವುದೇ ನನ್ನ ಸಂಬಳದ ಕೆಲಸ. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನನ್ನ ಮಟ್ಟಿಗೆ ಹೊಟ್ಟೆಪಾಡು. "ಸುಳ್ಳೇ ಬೇಡ ಅಕ್ಕ. 'ಕೆಲವು ಅಂಕಿಗಳು ಸವೆದಿರುವುದು ಕಂಡುಬಂದಿದೆ' ಅನ್ನಿ. ಅದು ನಿಜಾನೇ ಅಲ್ವಾ?"

"ಯಾರಿಗೆ ಕಂಡುಬಂತು?"

"ಅದನ್ನ ಹೇಳೋ ಅಗತ್ಯ ಇಲ್ಲ. ನಮ್ಮ ಆಫೀಸಲ್ಲಿ ಯಾರೂ ಹೇಳಲ್ಲ."

"ಅಲ್ಲಿ ಯಾವುದನ್ನೂ ಯಾರೂ ಮಾಡೇ ಇರಲ್ವೇನೋ?"

ನಾನು ಚಹಾ ಕುಡಿದೆ. ಅದು ಆರಿಹೋಗಿತ್ತು.

ಕನ್ನಡಕದವರು ಬಂದರು. ಕವಚ ನೋಡಿದ ಕೂಡಲೇ ಮದುವೆ ಮನೆಗೆ ಬಂದವರಂತೆ ಅರಳಿದರು. "ಏನಮ್ಮಾ ಇದು, ಷೋರೂಮಿನಿಂದ ತಂದ್ಯಾ?" ಎಂದು ತಿರುಗಿಸಿ ತಿರುಗಿಸಿ ನೋಡಿದರು. ಭಾವ ಸೂಜಿಗೆ ದಾರ ಪೋಣಿಸುತ್ತಿದ್ದರು. ದಾರ ಸೂಜಿಯ ಪಕ್ಕದಲ್ಲೇ ಹೋಗುತ್ತಿತ್ತು.

ಅಕ್ಕ ಕೈ ಚಾಚಿ ಕವಚವನ್ನು ನಂಬರಿನ ಕಡೆಗೆ ತಾವೇ ತಿರುಗಿಸಿದರು.

ಕನ್ನಡಕದವರು ಹೆಬ್ಬೆರಳಿನಿಂದ ಸವರಿದರು. ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಹಿಡಿದರು. ಕಿಟಕಿಯ ಬೆಳಕಿಗೆ ಹೋಗಿ ಮತ್ತೆ ನೋಡಿದರು. ಮುಖದ ಹಿಗ್ಗು ಇಳಿಯಿತು. ಆದರೆ ಒಳ್ಳೆಯ ಮನುಷ್ಯ. ಕೆಲಸ ಚೆನ್ನಾಗಿ ಮಾಡಿದವರ ಮೇಲೆ ಅನುಮಾನಪಡಲು ಅವರಿಗೇ ಸಂಕೋಚ.

"ಹಳೇ ಗಾಡಿ ನೋಡು," ಎಂದರು, ತಾವೇ ತಪ್ಪು ಮಾಡಿದವರಂತೆ ಕತ್ತು ತುರಿಸಿಕೊಳ್ಳುತ್ತ. "ಮಣ್ಣು ಜಿಡ್ಡಿನಲ್ಲಿ ನಾನೂ ಸರಿಯಾಗಿ ನೋಡಿರಲಿಲ್ಲ. ಕೇಳ್ತೀನಿ ಅಂತ ಬೇಜಾರಾಗ್ಬೇಡಮ್ಮ. ನಾನು ತಂದುಕೊಟ್ಟಾಗಲೇ ಇದು ಹೀಗೇ ಸವೆದಿತ್ತಾ?"

ಭಾವ ಕೆಮ್ಮಿದರು. ನಾನು ಅಕ್ಕನ ಕಡೆ ನೋಡಿ, ಹೂಂ ಅನ್ನಿ ಎಂಬಂತೆ ಕಣ್ಣು ಮಿಟುಕಿಸಿದೆ.

ಅಕ್ಕ ಮಾಸ್ಕ್ ಕೆಳಗೆಳೆದರು.

"ಇಲ್ಲ ಸಾರ್. ಎಲ್ಲ ಅಂಕೀನೂ ಇತ್ತು. ಉಜ್ಜಿ ಅಳಿಸಿದ್ದು ನಾನು. ನಾಳೆ ಆ ವಾಹನದ ಆಫೀಸಿಗೆ ಎಷ್ಟು ಹೊತ್ತಿಗೆ ಬರ್ಬೇಕು ಹೇಳಿ, ಅಲ್ಲೂ ಇದನ್ನೇ ಹೇಳ್ತೀನಿ."