ಗೊಲ್ಗೊಥಾ ಎಂದರೆ ತಲೆಬುರುಡೆ

ಸೋಲಾಪುರದ ವಿಜಾಪುರ ರಸ್ತೆಯಲ್ಲಿ ಯೋಗಿರಾಜನ ತಂದೆಗೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರವಿತ್ತು. ಅಕ್ಷರ ಕೊರೆಯುವುದನ್ನು ಮಾತ್ರ ಯೋಗಿರಾಜ ತಾನೇ ಆಸೆಪಟ್ಟು ಕಲಿತ. ಮರಾಠಿ, ಕನ್ನಡ, ಉರ್ದು, ಏನೇ ಇರಲಿ, ಚೀಟಿಯಲ್ಲಿದ್ದಂತೆ ಕಲ್ಲಿಗೆ ಇಳಿಸುತ್ತಿದ್ದ. ಉರ್ದು ಓದಲು ಬಾರದಿದ್ದರೂ ಒಂದು ಚುಕ್ಕೆ ಕೂಡ ತಪ್ಪಿದವನಲ್ಲ.

ಎರಡು ವರ್ಷದ ಹಿಂದೆ ಹೆಂಡತಿ ಸಾರಿಕಾ ತೀರಿಕೊಂಡ ಮೇಲೆ ಅವನ ಮಾತು ಕಡಿಮೆಯಾಯಿತು. ಆಕೆಯ ತವರು ತಡವಳದಿಂದ ಇಬ್ಬರೂ ಬೈಕಿನಲ್ಲಿ ಬರುತ್ತಿದ್ದಾಗ ವಳಸಂಗದ ಹತ್ತಿರ ನಾಯಿ ಅಡ್ಡ ಬಂತು, ಸಾರಿಕಾ ಬಿದ್ದಳು, ಹನ್ನೊಂದನೇ ದಿನ ದವಾಖಾನೆಯಲ್ಲಿ ಸತ್ತಳು. ಜನರಿಗೆ ಗೊತ್ತಿದ್ದದ್ದು ಇಷ್ಟೇ.

ಈ ಮಾರ್ಚಿನಲ್ಲಿ ಛಾಯಾಬಾಯಿ ಅಂಗಡಿಗೆ ಬಂದರು. ಕ್ರೈಸ್ತರು, ಮರಾಠಿ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅಕ್ಕಲಕೋಟದಲ್ಲಿ ಬೆಳೆದದ್ದರಿಂದ ಕನ್ನಡ ಸಲೀಸು. ಗಂಡನ ಸಮಾಧಿಗೆ ಕಲ್ಲು ಬೇಕಿತ್ತು. ಚೀಟಿಯಲ್ಲಿ ಹೆಸರಿನ ಕೆಳಗೆ ಬೈಬಲ್ಲಿನದೊಂದು ಸಾಲಿತ್ತು. ಅದರಲ್ಲಿ ಒಂದು ಶಬ್ದ ಯೋಗಿರಾಜನಿಗೆ ಹೊಸದು.

"ಗೊಲ್ಗೊಥಾ. ಇದು ಊರಿನ ಹೆಸರೇನ್ರಿ ಬಾಯಾರ?"

"ಯೇಸುನ್ನ ಶಿಲುಬಿಗಿ ಹಾಕಿದ ಜಾಗಾದ ಹೆಸರು. ಅರಾಮಿಕ್ ಮಾತದು. ಆಗ ಅಲ್ಲಿ ಮಂದಿ ಮನ್ಯಾಗ ಆಡತಿದ್ದ ಭಾಷಾ. ಖರೇ ಶಬ್ದ ಗುಲ್ಗುಲ್ತಾ. ಗ್ರೀಕ್ ಭಾಷಾದಾಗ ಬರಿಯೋಮುಂದ ಎರಡನೇ ಲ ಬಿದ್ದು ಗೊಲ್ಗೊಥಾ ಆತು."

"ಅಕ್ಷರ ಬಿಟ್ರ? ಯಾರೂ ತಿದ್ದಲಿಲ್ಲೇನ್ರಿ?"

ಛಾಯಾಬಾಯಿ ನಕ್ಕರು. "ಎರಡು ಸಾವಿರ ವರ್ಷ ಆಗ್ಯಾವ. ಈಗ ಯಾರು ತಿದ್ದಬೇಕು?"

"ಅರ್ಥ ಏನ್ರಿ ಅದರದು?"

"ತಲಿಬುರುಡಿ. ಉರುಳೋದು ಅನ್ನೋ ಮೂಲದಿಂದ ಬಂದೈತಿ. ದುಂಡಗ ಇದ್ದದ್ದು ಉರುಳತೈತಿ ನೋಡ್ರಿ, ಅದಕ್ಕ."

ಯೋಗಿರಾಜ ಪೆನ್ಸಿಲ್ ಕೆಳಗಿಟ್ಟ. "ನಮ್ಮಾಕಿನೂ ಬೈಕಿನಿಂದ ಬಿದ್ದು ಎರಡು ಸಲ ಉರುಳಿದ್ಳರಿ," ಅಂದ. "ನನ್ನ ತಲಿ ಮ್ಯಾಲ ಹೆಲ್ಮೆಟ್ ಇತ್ತು. ಆಕಿಗಿ ಇರಲಿಲ್ಲ."

ಉಳಿದದ್ದನ್ನೂ ಹೇಳಿದ. ಮೆದುಳು ಬಾತಿದೆ ಎಂದು ಡಾಕ್ಟರು ಬುರುಡೆಯಿಂದ ಅಂಗೈಯಷ್ಟು ಎಲುಬು ತೆಗೆದಿದ್ದರು. ಮೂರು ತಿಂಗಳ ಮೇಲೆ ಮತ್ತೆ ಕೂಡಿಸಲು ಬೇಕೆಂದು ಅದನ್ನು ಅವಳ ಹೊಟ್ಟೆಯ ಚರ್ಮದ ಕೆಳಗೇ ಇಟ್ಟಿದ್ದರು. ಸತ್ತ ದಿನ, "ತೆಗೆದು ಕೊಡೋಣವೇ?" ಎಂದು ಕೇಳಿದರು. ಹೊರಗೆ ಬೀಗರು ಗಾಡಿ ತಂದು ನಿಂತಿದ್ದರು. "ಇರ್ಲಿ ಬಿಡ್ರಿ," ಅಂದುಬಿಟ್ಟ. ಅವರು ಲಿಂಗಾಯತರು, ಹೆಣವನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಸಾರಿಕಾಳ ತಾಯಿ ಕಸ್ತೂರಬಾಯಿ ಹಣೆಗೆ ವಿಭೂತಿ ಹಚ್ಚುವಾಗ, ಎಲುಬಿಲ್ಲದ ಮೆತ್ತನೆಯ ಜಾಗ ಆಕೆಯ ಕೈಗೆ ಹತ್ತಬಾರದೆಂದು ಅಲ್ಲಿ ತನ್ನ ಅಂಗೈ ಒತ್ತಿ ಹಿಡಿದಿದ್ದ.

"ಆಕಿ ಅವ್ವಗ ಇದು ಗೊತ್ತೈತೇನ್ರಿ?"

"ಇಲ್ರಿ."

"ಹೇಳ್ರಿ," ಅಂದರು ಛಾಯಾಬಾಯಿ. ಸಮಾಧಾನದ ಮಾತು ಒಂದೂ ಆಡಲಿಲ್ಲ.

ರವಿವಾರ ಬಸ್ಸು ಹಿಡಿದು ತಡವಳಕ್ಕೆ ಹೋದ. ಕಸ್ತೂರಬಾಯಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. "ಬರ್ರಿ, ಕುಂಡ್ರಿ. ಚಹಾ ಮಾಡ್ತೀನಿ," ಎಂದು ಏಳಹೋದರು. ಅವನು ತಡೆದು, ನಿಂತಲ್ಲೇ ಎಲ್ಲ ಹೇಳಿದ. ಮೊದಲು ಹೆಲ್ಮೆಟ್ಟು, ಆಮೇಲೆ ಎಲುಬು.

ಆಕೆಯ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ಅಳಿಯನನ್ನು ಎಂದೂ ಏಕವಚನದಲ್ಲಿ ಕರೆದವರಲ್ಲ.

"ಹೆಂಡ್ತಿ ತಲಿ ಹಿಡಕೊಂಡು ಅಳಾಕತ್ತಿ ಅಂತ ತಿಳದಿದ್ದೆ. ನನ್ನ ಕೈ ತಡದಿದ್ದಿಯೇನ ನೀ?"

"ನೀವು ತಡಕೋಳಾಂಗಿಲ್ಲ ಅಂತ..."

"ನಾ ಹಡದ ತಲಿ ಅದು. ಒಡದಿದ್ರೂ ನಾ ಮುಟ್ಟತಿದ್ದೆ. ಹೋಗು. ಇನ್ನ ಈ ಮನಿಗಿ ಬರಬ್ಯಾಡ."

ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಅಷ್ಟು ಹೊತ್ತೂ ನಿಲ್ದಾಣದಲ್ಲಿ ಬಿಸಿಲಿಗೇ ನಿಂತಿದ್ದ.

ಗೊಲ್ಗೊಥಾ ಎಂಬ ಆ ಒಂದು ಶಬ್ದ ಕೊರೆಯಲು ಅವನಿಗೆ ಮೂರು ದಿನ ಹಿಡಿಯಿತು. ಗುಡ್ ಫ್ರೈಡೇಗೆ ಮುಂಚೆ ಛಾಯಾಬಾಯಿ ಕಲ್ಲು ಒಯ್ದರು. ತಡವಳದಲ್ಲಿ ಏನಾಯಿತು ಎಂದು ಕೇಳಿದರು. "ಹೇಳೀನ್ರಿ," ಎಂದಷ್ಟೇ ಅಂದ.

ಜೂನ್ ತಿಂಗಳಲ್ಲಿ ಸಾರಿಕಾಳ ತಮ್ಮ ಕಾಂತೇಶ ಫೋನು ಮಾಡಿದ. ಹೊಲದ ಸುದ್ದಿ, ಮಳೆಯ ಸುದ್ದಿ ಯಾವುದೂ ಇಲ್ಲ.

"ಮಾಮಾ, ಅವ್ವ ಒಂದು ಮಾತು ಕೇಳು ಅಂದಾಳ. ಅಕ್ಕನ ತಲಿಯಿಂದ ಎಲುಬು ತೆಗೆದದ್ದು ಯಾವ ಮಗ್ಗಲದ್ದು? ಎಡಾನೋ, ಬಲಾನೋ?"

"ಎಡಾ," ಅಂದ ಯೋಗಿರಾಜ.

ಕಾಂತೇಶ ಅದನ್ನು ಒಳಗೆ ಕೂಗಿ ಹೇಳಿದ್ದು ಕೇಳಿಸಿತು. ಆಕೆ ಏನಾದರೂ ಅನ್ನಬಹುದೆಂದು ಕಾದ. ಫೋನು ಕಟ್ಟಾಯಿತು.