ಕೊನೆಯ ಮನೆಯ ನಲ್ಲಿ

ಆಂಧ್ರದ ರಾಯದುರ್ಗದಿಂದ ಶೇರ್ ಆಟೊದಲ್ಲಿ ಒಂದು ತಾಸು ಹೋದರೆ ಸಿಗುವ ಊರೊಂದರ ಗ್ರಾಮ ಸಚಿವಾಲಯದಲ್ಲಿ, ಅಂದರೆ ಊರಮಟ್ಟದ ಸರ್ಕಾರಿ ಕಚೇರಿಯಲ್ಲಿ, ನಾನು ಡಿಜಿಟಲ್ ಅಸಿಸ್ಟೆಂಟ್. ಊರಿನ ಹೆಸರು ಬೇಡ. ಕಣೇಕಲ್ಲಿನ ಕಡೆ ಹೋದರೆ ಕೆರೆ, ಕಾಲುವೆ, ಭತ್ತದ ಗದ್ದೆ. ನಮ್ಮದು ಅದಕ್ಕೆ ಬೆನ್ನು ತಿರುಗಿಸಿದ ದಿಕ್ಕು, ಕುರಿ ಮೇಯುವ ಬಯಲು. ನನ್ನ ಹುದ್ದೆಯ ಹೆಸರು ದೊಡ್ಡದು, ಕೆಲಸವೆಲ್ಲ ಬೆರಳಿನದು. ಯಾವ ಮಗು ಶಾಲೆ ಬಿಟ್ಟಿದೆ, ಯಾವ ಬಸುರಿಗೆ ರಕ್ತ ಕಡಿಮೆ, ಯಾರ ಮನೆಯಲ್ಲಿ ಪಾಯಿಖಾನೆ ಇದೆ, ಯಾರ ಪಾಯಿಖಾನೆಯೊಳಗೆ ಸೌದೆ ಇದೆ, ಎಲ್ಲವನ್ನೂ ಫೋನಿಗೆ ತುಂಬಬೇಕು.

ಸಚಿವಾಲಯದ ಗೋಡೆಯ ಮೇಲೆ ಹದಿನೇಳು ಬಣ್ಣದ ಚೌಕಗಳ ಪಟವೊಂದಿದೆ. ಸುಸ್ಥಿರ ಅಭಿವೃದ್ಧಿ ಗುರಿಗಳು. ಹಸಿವು ಇರಬಾರದು, ಎಲ್ಲರಿಗೂ ಶುದ್ಧ ನೀರು ಸಿಗಬೇಕು, ಹೀಗೆಲ್ಲ ಲೋಕದ ದೇಶಗಳು ಒಟ್ಟಿಗೆ ಕೂತು ಒಪ್ಪಿಕೊಂಡ ಮಾತುಗಳು. ಎಷ್ಟು ದೂರ ಬಂದಿರಿ ಎಂದು ದೆಹಲಿಯವರು ರಾಜ್ಯವನ್ನು ಕೇಳುತ್ತಾರೆ, ರಾಜ್ಯ ಜಿಲ್ಲೆಯನ್ನು, ಜಿಲ್ಲೆ ಮಂಡಲವನ್ನು, ಮಂಡಲ ನನ್ನನ್ನು. ನನ್ನ ಕೆಳಗೆ ಯಾರೂ ಇಲ್ಲ, ಜನ ಮಾತ್ರ. ಹಿಂದೆ ಬಿದ್ದ ಊರಿಗೆ ಕೆಂಪು ಬಣ್ಣ, ಗುರಿ ಮುಟ್ಟಿದ ಊರಿಗೆ ಹಸಿರು. ನೀವು ಒತ್ತುವ ಒಂದೊಂದು ಗುಂಡಿಯೂ ದೇಶದ ಲೆಕ್ಕಕ್ಕೆ ಸೇರುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ನಾನು ಉಬ್ಬಿಹೋಗಿದ್ದೆ. ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳು, "ದೇಶದ ಲೆಕ್ಕ ಆಮ್ಯಾಲ ಮಾಡೀಯಂತ, ಮೊದಲು ಸಿಲಿಂಡರ್ ಬುಕ್ ಮಾಡು" ಅಂದಳು.

ನಮ್ಮ ಊರಿಗೆ ಸೇರಿದ ಒಂದು ಹಟ್ಟಿ ಇದೆ. ಕುರಿ ಸಾಕುವವರ ಮೂವತ್ತು ಮನೆಗಳು, ಊರಿನಿಂದ ಎರಡು ಮೈಲಿ. ಈ ಘಟನೆ ನಡೆದ ವರ್ಷ ಅಲ್ಲಿಗೆ ಪೈಪು ಹಾಕಿ, ಮನೆ ಮನೆಗೂ ನಲ್ಲಿ ನಿಲ್ಲಿಸಿದ್ದರು. ನೀರು ಮಾತ್ರ ಬಂದಿರಲಿಲ್ಲ. ಮೇಲಿನ ಟ್ಯಾಂಕಿನಿಂದ ಕೂಡಿಸುವುದೊಂದು ಬಾಕಿ, ಇನ್ನು ಹದಿನೈದೇ ದಿನ ಎಂದು ಪೈಪಿನ ಗುತ್ತಿಗೆದಾರ ಹೇಳುತ್ತಿದ್ದ. ಶಿವರಾತ್ರಿಯ ಹೊತ್ತಿಗೆ ನೀರಿನ ಗುರಿಯ ಸರ್ವೆ ಬಂತು. ಹಟ್ಟಿಯ ಕೊನೆಯ ಮನೆಯ ನಲ್ಲಿಯಲ್ಲಿ ನೀರು ಬೀಳುತ್ತಿರುವ ಫೋಟೋ ಹಾಕಬೇಕು. ಕೊನೆಯ ಮನೆಗೆ ಬಂದರೆ ಎಲ್ಲ ಮನೆಗೂ ಬಂದ ಹಾಗೆ, ಅದು ಲೆಕ್ಕ. ಇಲ್ಲ ಎಂದು ಒತ್ತಿದರೆ ಯಾಕಿಲ್ಲ ಎಂದು ಹತ್ತು ಪ್ರಶ್ನೆ, ಆಮೇಲೆ ಮಂಡಲ ಕಚೇರಿಯ ಫೋನು. ನಮ್ಮ ಮಂಡಲ ಆಗ ಕೆಂಪಿನಲ್ಲಿತ್ತು, ಮಂಡಲದ ಸಾಹೇಬರು ಬೆಳಿಗ್ಗೆಯೇ ಎರಡು ಸಲ ಬೈದಿದ್ದರು.

ಕೊನೆಯ ಮನೆಯಲ್ಲಿ ಐವತ್ತರ ಆಸುಪಾಸಿನ ಹೆಂಗಸು, ಅವಳ ಮಗ, ಸೊಸೆ. ಮಗ ಕುರಿಗಳ ಹಿಂದೆ ಹೋದರೆ ತಿಂಗಳುಗಟ್ಟಲೆ ಬರುವವನಲ್ಲ. ಸೊಸೆ ಆಗ ಬಸುರಿ. ಆ ಹೆಂಗಸನ್ನು ನಾನು ಅಕ್ಕ ಅನ್ನುತ್ತಿದ್ದೆ. ಯಾರೇ ಅಂಗಳಕ್ಕೆ ಬರಲಿ, ಮೊದಲು ಚೊಂಬಿನಲ್ಲಿ ನೀರು ತಂದಿಡುವಳು. ನೀರು ಕುಡಿಯದೆ ಯಾರಾದರೂ ಎದ್ದರೆ ಆ ಹಟ್ಟಿಯಲ್ಲಿ ಅದು ಮನೆಗೇ ಅವಮಾನ.

ಆವತ್ತು ನಾನು ಒಣ ನಲ್ಲಿಯ ಮುಂದೆ ಫೋನು ಹಿಡಿದು ಮುಖ ಬಾಡಿಸಿಕೊಂಡು ನಿಂತಿದ್ದೆ.

"ಯಾಕ್ರಿ ಮೇಡಂ, ಹಿಂಗ ನಿಂತೀರಿ?"

ಹೇಳಿದೆ. ನೀರಿನ ಫೋಟೋ ಇಲ್ಲದೆ ಹೋದರೆ ಬೈಗುಳ ತಪ್ಪಿದ್ದಲ್ಲ ಎಂದೂ ಹೇಳಿದೆ. ಅದನ್ನು ಹೇಳುವ ಅಗತ್ಯ ಏನಿತ್ತು ಎಂದು ಈಗ ಕೇಳಿಕೊಳ್ಳುತ್ತೇನೆ.

"ಫೋಟೋಕ್ಕ ನೀರು ಬೇಕು, ಅಷ್ಟಾ ಅಲ್ಲೇನ್ರಿ?" ಅಂದವಳೇ ಒಳಗೆ ಹೋಗಿ ತುಂಬಿದ ಕೊಡ ಮತ್ತು ಲಾಳಿಕೆ ತಂದಳು. ನಲ್ಲಿಯ ಪೈಪಿನ ಮೇಲ್ತುದಿಗೆ ಗುತ್ತಿಗೆದಾರ ಮುಚ್ಚಳ ಹಾಕಿರಲಿಲ್ಲ. ಅವಳು ಬುಡದ ವಾಲ್ವ್ ತಿರುಗಿಸಿ ಮುಚ್ಚಿ, ಮೇಲಿನ ಬಾಯಿಗೆ ಲಾಳಿಕೆ ಇಟ್ಟು ಕೊಡ ಬಗ್ಗಿಸಿದಳು. ನಲ್ಲಿಯಲ್ಲಿ ನೀರು ಬಂತು! ಸೊಸೆ ನಕ್ಕಳು, ನಾನೂ ನಕ್ಕೆ. "ಬೇಗ ಹೊಡೀರಿ, ಕೊಡ ಖಾಲಿ ಆಗ್ತೈತಿ" ಎಂದು ಅವಳು ಅವಸರ ಮಾಡಿದಳು. ಲಾಳಿಕೆ, ಕೊಡ, ಅವಳ ಕೈ ಯಾವುದೂ ಕಾಣದ ಹಾಗೆ ಫೋಟೋ ತೆಗೆದೆ. ಆ ಕೊಡವನ್ನು ಅವಳು ಒಂದು ಮೈಲಿ ದೂರದ ಹೊಲದ ಬೋರಿನಿಂದ ಹೊತ್ತು ತಂದಿದ್ದಳು. ಕೆಳಗೆ ಬಿದ್ದ ನೀರನ್ನು ಅಂಗಳದ ಮಣ್ಣು ಕುಡಿಯಿತು. ಹದಿನೈದು ದಿನದಲ್ಲಿ ಹೇಗೂ ನೀರು ಬರುತ್ತದಲ್ಲ, ಮುಂಚಿತವಾಗಿ ನಿಜ ಹೇಳಿದ ಹಾಗಾಯಿತು ಎಂದು ಆಟೊದಲ್ಲಿ ಸಮಾಧಾನ ಮಾಡಿಕೊಂಡೆ.

ಹಟ್ಟಿ ಹಸಿರಾಯಿತು. ಮುಂದಿನ ವಾರ ವಿಡಿಯೋ ಮೀಟಿಂಗಿನಲ್ಲಿ ಜಿಲ್ಲೆಯವರು ನಮ್ಮ ಮಂಡಲವನ್ನು ಹೊಗಳಿದರು. ಜೊತೆಯಲ್ಲೇ, "ಫೋಟೋಗಳೆಲ್ಲ ಸ್ಥಳದಲ್ಲೇ ತೆಗೆದವು ತಾನೇ?" ಎಂದು ಎಲ್ಲರನ್ನೂ ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ನಿಜವಾಗಿಯೂ ಸೆರಗು ಸರಿಮಾಡಿಕೊಂಡೆ. ನೀರು ಹದಿನೈದು ದಿನಕ್ಕೂ ಬರಲಿಲ್ಲ, ತಿಂಗಳಿಗೂ ಬರಲಿಲ್ಲ. ಗುತ್ತಿಗೆದಾರ ಫೋನು ಎತ್ತುವುದನ್ನು ಬಿಟ್ಟ.

ಪ್ರತಿ ವರ್ಷ ಯುಗಾದಿ ಮುಗಿದ ವಾರ ಹಟ್ಟಿಗೆ ನೀರಿನ ಟ್ಯಾಂಕರ್ ಹೋಗುತ್ತಿತ್ತು. ಆ ವರ್ಷ ಹೋಗಲಿಲ್ಲ. ಅಕ್ಕ ಫೋನು ಮಾಡಿದಳು. "ಟ್ಯಾಂಕರ್ ಯಾವಾಗ ಬರ್ತೈತ್ರಿ? ಸೊಸಿ ಹಡದಾಳ. ಬಾಣಂತಿಗೆ ಎರಡು ಹೊತ್ತು ಎರೀಬೇಕು, ಬೋರಿನ ಹತ್ರ ಕರೆಂಟಿಗೆ ಕಾಯೋದಾ ಆಗೈತಿ."

ಮಂಡಲ ಕಚೇರಿಗೆ ಕೇಳಿದೆ. ಅಲ್ಲಿದ್ದವರು ಪಟ್ಟಿ ನೋಡಿ, "ನಿಮ್ಮ ಹಟ್ಟಿ ಹಸಿರಾಗೈತಲ್ಲಮ್ಮ, ಹಸಿರಾದ ಊರಿಗೆ ಟ್ಯಾಂಕರ್ ಯಾಕ? ನೀನೇ ಫೋಟೋ ಹಾಕಿಯಲ್ಲ" ಅಂದರು. ಟ್ಯಾಂಕರಿನ ಪಟ್ಟಿಯೂ ಅದೇ ಲೆಕ್ಕದಿಂದ ಹುಟ್ಟುತ್ತದೆ ಎಂಬುದು ನನಗೆ ಆಗಲೇ ಗೊತ್ತಾದದ್ದು. ಸುಳ್ಳು ಎಂದು ಅಲ್ಲೇ ಹೇಳಬಹುದಿತ್ತು. "ಹೌದ್ರಿ ಸಾರ್" ಎಂದು ಫೋನಿಟ್ಟೆ. ಅಕ್ಕನಿಗೆ, "ಕೇಳೀನಿ, ಬರ್ತೈತಿ" ಅಂದೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಎಲ್ಲರಿಗೂ ಗೊತ್ತು. ಇಲ್ಲಿ ಮಾಡಿದ್ದು ನಾನು, ಉಂಡವರು ಮೂವತ್ತು ಮನೆಯವರು. ಆ ಇಡೀ ಬೇಸಿಗೆ ಹಟ್ಟಿಯ ಕಡೆ ಹೋಗದೆ ತಪ್ಪಿಸಿಕೊಂಡೆ. ಸಚಿವಾಲಯಕ್ಕೆ ಅಲ್ಲಿಯವರು ಬಂದರೆ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸುತ್ತಿದ್ದೆ. ನನಗೆ ನನ್ನ ಮೇಲೇ ಅಸಹ್ಯವಾಗುತ್ತಿತ್ತು.

ಬೇಸಿಗೆಯ ಕೊನೆಯಲ್ಲಿ ಪರಿಶೀಲನೆಗೆಂದು ಮೇಲಿನಿಂದ ಒಂದು ತಂಡ ಬಂತು. ಹಸಿರಾದ ಊರುಗಳಲ್ಲಿ ಎರಡನ್ನು ಆರಿಸಿ ಕಣ್ಣಾರೆ ನೋಡುವುದು. ಎರಡರಲ್ಲಿ ಒಂದು ನಮ್ಮ ಹಟ್ಟಿ. ಜೀಪಿನಲ್ಲಿ ನನ್ನನ್ನೂ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಹೇಳಿಬಿಡಬೇಕು ಅಂದುಕೊಂಡೆ. ಹಟ್ಟಿ ಬಂದೇ ಬಿಟ್ಟಿತು.

ಕೊನೆಯ ಮನೆಯ ಅಂಗಳದಲ್ಲಿ ದೊಡ್ಡ ಸಾಹೇಬರು ನಲ್ಲಿಯನ್ನು ಮುಟ್ಟಿ ನೋಡಿ, ತೆಲುಗಿನಲ್ಲಿ, "ನೀಳ್ಳು ವಸ್ತುನ್ನಾಯಾ ಅಮ್ಮಾ?" ಎಂದು ಅಕ್ಕನನ್ನು ಕೇಳಿದರು. ನೀರು ಬರುತ್ತಿದೆಯೇ ಎಂಬ ಅಷ್ಟು ಸಣ್ಣ ಪ್ರಶ್ನೆ. ಅವಳ ಸೊಂಟದ ಮೇಲೆ ಖಾಲಿ ಕೊಡ ಇತ್ತು. ಒಳಗೆ ಕೂಸು ಅಳುತ್ತಿತ್ತು. ಇಲ್ಲ ಎಂದು ಒಂದು ಮಾತು ಅಂದಿದ್ದರೆ ಮರುದಿನವೇ ಟ್ಯಾಂಕರ್ ಬರುತ್ತಿತ್ತು. ಅವಳು ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ, ದೇವರೇ ಬಲ್ಲ.

"ವಸ್ತಾಯಿ ಸಾರ್" ಅಂದಳು. "ಬೆಳಿಗ್ಗೆ ವಸ್ತಾಯಿ."

ಬೆಳಿಗ್ಗೆ ಮಾತ್ರ ಬರುತ್ತದೆ, ಈಗ ತಿರುಗಿಸಿ ನೋಡಬೇಡಿ ಎಂಬ ಅರ್ಥ. ಅಷ್ಟು ಜಾಣತನದ ಸುಳ್ಳನ್ನು ನನಗಾಗಿ ಆ ಕ್ಷಣದಲ್ಲಿ ಹೊಸೆದಳು. ಆಮೇಲೆ ಒಳಗೆ ಹೋಗಿ ಎಲ್ಲರಿಗೂ ನೀರು ತಂದಳು. ಸಾಹೇಬರು ಕುಡಿದು, ನೀರು ಸಿಹಿಯಾಗಿದೆ ಎಂದು ಪುಸ್ತಕದಲ್ಲಿ ಬರೆದುಕೊಂಡರು. ಹೊಲದ ಬೋರಿನ ನೀರು, ಬಾಣಂತಿಗೆ ಎರೆಯಲು ಇಟ್ಟಿದ್ದ ನೀರು. ನಾನು ಆವತ್ತು ಚೊಂಬನ್ನು ತುಟಿಗೆ ಮುಟ್ಟಿಸಿ, ಕುಡಿಯದೆ ಕೆಳಗಿಟ್ಟೆ.

ಮರುದಿನ ಮಂಡಲ ಕಚೇರಿಗೆ ಹೋಗಿ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದೆ. ಕೊಡ, ಲಾಳಿಕೆ, ಯಾವುದನ್ನೂ ಬಿಡಲಿಲ್ಲ. ಅವರು ಕಂಪ್ಯೂಟರಿನಲ್ಲಿ ಹಟ್ಟಿಯ ಲೆಕ್ಕ ತೆಗೆದು ನೋಡಿದರು. "ಹೋದ ಲೆಕ್ಕ ರಾಜ್ಯದಾಗ ಕೂಡಿ, ದೆಹಲಿಗೆ ಹೋಗಿ ಕುಂತೈತಮ್ಮ. ಹಸಿರನ್ನ ಮತ್ತ ಕೆಂಪು ಮಾಡಾಕ ಇದರಾಗ ಗುಂಡೀನಾ ಇಲ್ಲ" ಅಂದರು. ಅಂಥ ಗುಂಡಿ ಇಲ್ಲ ಎಂಬುದೂ ನಿಜ. ಕೊನೆಗೆ ಕಾಗದದ ಮೇಲೆ ಬರೆಸಿಕೊಂಡರು, ಜಿಲ್ಲೆಗೆ ಕಳಿಸಿದರು, ನನಗೊಂದು ಮೆಮೋ ಕೊಟ್ಟರು. ಎರಡು ವಾರದ ಮೇಲೆ, ಮೊದಲ ಮಳೆ ಬೀಳುವ ಹೊತ್ತಿಗೆ, ಹಟ್ಟಿಗೆ ಟ್ಯಾಂಕರ್ ಹೋಯಿತು. ಲೆಕ್ಕದಲ್ಲಿ ಹಟ್ಟಿ ಇವತ್ತಿಗೂ ಹಸಿರಾಗಿಯೇ ಇದೆ.

ಟ್ಯಾಂಕರ್ ಹೋದ ನಾಲ್ಕು ದಿನಕ್ಕೆ ಕ್ಷಮೆ ಕೇಳಲೆಂದು ಕೊನೆಯ ಮನೆಗೆ ಹೋದೆ. ಬಾಗಿಲಿನಲ್ಲಿ ಸಾಲಾಗಿ ತುಂಬಿದ ಕೊಡಗಳು. ಸೊಸೆ ಕೂಸಿಗೆ ಎರೆಯುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಶುರು ಮಾಡಿದಳು.

"ನಿಮಗೇನೋ ಮೆಮೋ ಕೊಟ್ಟಾರಂತಲ್ರಿ, ಟ್ಯಾಂಕರಿನ ಡ್ರೈವರ್ ಹೇಳಿದ."

"ಕೊಟ್ಟಾರಕ್ಕ. ತಪ್ಪೆಲ್ಲ ನಂದು..."

"ಇಲ್ರಿ, ತಪ್ಪು ನಂದು. ಆವತ್ತು ಸಾಹೇಬ್ರು ಕೇಳಿದಾಗ ಥಟ್ಟನೆ ಹೇಳಬೇಕಿತ್ತು. ನಿಮ್ಮ ಮುಖ ನೋಡಿ ಹೇಳಿದೆ ನೋಡ್ರಿ, ಅದಕ್ಕಾ ಅವರಿಗೆ ಗುಮಾನಿ ಬಂದೈತಿ. ಸುಳ್ಳು ಹೇಳೋದೂ ನನಗ ನೆಟ್ಟಗ ಬರಲಿಲ್ಲ. ನನ್ನಿಂದ ನಿಮಗ ಬೈಗಳ ಆತು."

ನಾನೇ ಹೋಗಿ ಒಪ್ಪಿಕೊಂಡೆ ಎಂದು ಹೇಳಿದೆ. ಎರಡು ಸಲ ಹೇಳಿದೆ. ಅವಳು ನಂಬಲಿಲ್ಲ. "ಸುಮ್ನಿರ್ರಿ, ನನಗ ಬ್ಯಾಸರ ಆಗಬಾರದಂತ ಹಂಗಂತೀರಿ" ಎಂದು, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಚೊಂಬಿನ ತುಂಬ ನೀರು ತಂದು ನನ್ನ ಮುಂದಿಟ್ಟಳು. ಅದನ್ನು ಕುಡಿಯದೆ ಏಳುವ ಹಾಗಿರಲಿಲ್ಲ. ಕುಡಿದೆ.