ಅಪ್ಪಣ್ಣ ಮತ್ತು ಕೊರಿಯಾದ ಲಿಫ್ಟು

ವಾಯುಪಡೆಯಲ್ಲಿ ಒಬ್ಬ ಬಿಗಿದ ಬೋಲ್ಟನ್ನು ಇನ್ನೊಬ್ಬ ಮುಟ್ಟಿ ನೋಡಿ ಸಹಿ ಹಾಕದೆ ವಿಮಾನ ಮೇಲೇರುವುದಿಲ್ಲ. ಗದಗಿನ ಅಪ್ಪಣ್ಣ ತನ್ನ ಸೇವೆಯ ಬಹುಪಾಲು ಆ ಇನ್ನೊಬ್ಬನಾಗಿದ್ದ. ತಪ್ಪು ಹುಡುಕುವುದೇ ಕೆಲಸ, ಅದಕ್ಕೇ ಸಂಬಳ. ನಾಗಪುರದಲ್ಲಿ ನಿವೃತ್ತನಾಗಿ ಧರಮಪೇಠದಲ್ಲಿ ಮನೆ ಮಾಡಿದ ಮೇಲೆ ಸಂಬಳ ನಿಂತಿತು, ಕೆಲಸ ನಿಲ್ಲಲಿಲ್ಲ. ಸಾರಿಗೆ ಒಗ್ಗರಣೆ ತಡವಾಗಿ ಬಿದ್ದದ್ದು, ಪಕ್ಕದವರ ಸ್ಕೂಟರಿನ ಬ್ರೇಕು ಕಿರುಗುಟ್ಟುವುದು, ಲಗ್ನಪತ್ರಿಕೆಯಲ್ಲಿ ವಾರಕ್ಕೂ ತಾರೀಖಿಗೂ ತಾಳೆಯಾಗದಿರುವುದು, ಎಲ್ಲ ಅವನ ಕಣ್ಣಿಗೇ ಬೀಳುತ್ತಿದ್ದವು. ಬಿದ್ದದ್ದನ್ನು ಹೇಳದೆ ಬಿಡುವುದು ಅವನ ಪ್ರಕಾರ ಕರ್ತವ್ಯಲೋಪ.

ಹೆಂಡತಿ ಶ್ರೀಲಕ್ಷ್ಮಿ ಇದನ್ನೆಲ್ಲ ಸಹಿಸಿಕೊಂಡಿದ್ದಳು. ಕೊರಿಯಾದ ಧಾರಾವಾಹಿಯ ವಿಷಯದಲ್ಲಿ ಮಾತ್ರ ಸಹಿಸಲಿಲ್ಲ.

ಎಲ್ಲರೂ ಹಿಂದಿಯಲ್ಲಿ ಮಾತಾಡುವ ಆ ಧಾರಾವಾಹಿಯ ನಾಯಕ ಹೆಂಡತಿಯನ್ನು ಕಳೆದುಕೊಂಡವನು. ಹಳೇ ಕಟ್ಟಡವೊಂದರ ಲಿಫ್ಟು ಹತ್ತಿದರೆ ಅವನು ಮೂವತ್ತು ವರ್ಷ ಹಿಂದಕ್ಕೆ ಹೋಗಿ ಇಳಿಯುತ್ತಾನೆ. ಅಲ್ಲಿ ಅವಳು ಬದುಕಿದ್ದಾಳೆ, ಇವನ ಗುರುತು ಮಾತ್ರ ಅವಳಿಗಿಲ್ಲ. ಮೊದಮೊದಲು ಮಳೆ ಬಂದರೆ ಮಾತ್ರ ಲಿಫ್ಟು ಹಿಂದಕ್ಕೆ ಹೋಗುತ್ತಿತ್ತು, ಆಮೇಲೆ ಬಿರುಬಿಸಿಲಿನಲ್ಲೂ ಹೋಗತೊಡಗಿತು. ನಾಯಕ ಮೂವತ್ತು ವರ್ಷದ ಹಿಂದಿನ ಹೋಟೆಲಿನಲ್ಲಿ ಈಗಿನ ನೋಟು ಕೊಟ್ಟು ಉಂಡು ಬಂದ, ಯಾರೂ ಕೇಳಲಿಲ್ಲ. ನಡುವೆ ಯಾವುದೋ ಕಂಪನಿಯ ಆಸ್ತಿ ಜಗಳ ತುರುಕಿದ್ದರು. ಕಿತ್ತುಹಾಕಿದ್ದರೆ ಕತೆಗೆ ನೆಗಡಿಯೂ ಬರುತ್ತಿರಲಿಲ್ಲ. ಇದೆಲ್ಲ ಶ್ರೀಲಕ್ಷ್ಮಿಗೂ ಕಂಡಿತ್ತು. ಆದರೆ ಅದರಲ್ಲಿ ಯಾರೂ ಕಿರುಚುವುದಿಲ್ಲ, ಒಬ್ಬರು ಇನ್ನೊಬ್ಬರಿಗೆ ಅನ್ನ ಬಡಿಸುವುದನ್ನು ನಿಧಾನವಾಗಿ ತೋರಿಸುತ್ತಾರೆ, ಅಳು ಬಂದವರ ಮುಖದ ಮೇಲೆ ಸಂಗೀತ ಸುರಿಯದೆ ಅಳಲು ಬಿಡುತ್ತಾರೆ ಎನ್ನುವುದು ಅವಳಿಗೆ ಹಿಡಿಸಿತ್ತು.

ನಾಯಕ ಮೊದಲ ಸಲ ಹೆಂಡತಿಯನ್ನು ಕಂಡು ಬಾಯಿ ಬಾರದೆ ನಿಂತ ದಿನ ಶ್ರೀಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಬಂದು ನಾಕು ದಿನ ಆತು, ಅವನ ಮೊಬೈಲ್ ಇನ್ನೂ ಚಾಲೂ ಐತಿ. ಚಾರ್ಜರ್ ಎಲ್ಲಿ ಹಚ್ಚಿದ?" ಎಂದ ಅಪ್ಪಣ್ಣ.

ಶ್ರೀಲಕ್ಷ್ಮಿ ಟಿವಿ ಆರಿಸಿದಳು. "ನಾಳೆಯಿಂದ ನಾ ಕೆಳಗ ನೇಹಾನ ಮನ್ಯಾಗ ನೋಡ್ತೀನ್ರಿ. ನೀವು ಆರಾಮ ಇರ್ರಿ."

ಕೆಳಗಿನ ಮನೆಯ ನೇಹಾ ಅಮರಾವತಿಯ ಕಡೆಯವಳು, ಏನು ತೋರಿಸಿದರೂ ಮರಾಠಿಯಲ್ಲಿ ಛಾನ್, ಚೆಂದ, ಎನ್ನುವವಳು. ಹೇಳಿದಂತೆಯೇ ಶ್ರೀಲಕ್ಷ್ಮಿ ಮರುದಿನದಿಂದ ಇಳಿದು ಹೋಗತೊಡಗಿದಳು.

ಅಪ್ಪಣ್ಣನಿಗೆ ಆರಾಮ ಅನ್ನಿಸಲಿಲ್ಲ. ಸೇವೆಯುದ್ದಕ್ಕೂ ಅವನೊಂದು ಊರು, ಅವಳೊಂದು ಊರು. ಅಕ್ಕಪಕ್ಕ ಕೂತು ಒಂದೇ ಕಡೆ ನೋಡುವುದು ಅವರಿಗೆ ಸಿಕ್ಕಿದ್ದೇ ಈಚೆಗೆ, ಅದೂ ಸಂಜೆಯ ಆ ಒಂದು ಗಂಟೆ. ಅದು ಕೈಬಿಟ್ಟು ಹೋದದ್ದಕ್ಕೆ ಅವನಿಗೆ ತುಂಬ ನೋವಾಯಿತು. ನೋವಾದ್ದನ್ನು ಹೇಳುವುದು ಗೊತ್ತಿಲ್ಲದೆ, ನೇಹಾ ಮನೆಯ ಮೆಟ್ಟಿಲ ದೀಪ ಮಂಕಾಗಿದೆ ಎಂದು ಹೇಳಿದ.

ಅಷ್ಟರಲ್ಲಿ ನೇಹಾ ಒಂದು ವಾರಕ್ಕೆ ತವರಿಗೆ ಹೋದಳು. ಶ್ರೀಲಕ್ಷ್ಮಿ ಮನೆಯಲ್ಲೇ ಟಿವಿ ಹಚ್ಚಿದಳು. ಅಪ್ಪಣ್ಣ ಬಾಗಿಲಲ್ಲಿ ನಿಂತ.

"ಕುಂದರ್ರಿ. ಆದ್ರ ತಪ್ಪು ತಗೀಬಾರದು. ಬಾಯಿ ಬಿಟ್ಟರ ಚಲೋದು ಏನರ ಹೇಳ್ಬೇಕು."

"ಬರೋಬರ್," ಎಂದು ಕೂತ.

ಆ ದಿನದ ಕಂತಿನಲ್ಲಿ ಲಿಫ್ಟು ಕೆಟ್ಟಿತ್ತು. ನಾಯಕ ಈ ಕಾಲದಲ್ಲಿ ಸಿಕ್ಕಿಕೊಂಡ. ಆ ಕಾಲದಲ್ಲಿ ಅವಳು ಹಿಮದಲ್ಲಿ ಬಸ್ ನಿಲ್ದಾಣಕ್ಕೆ ದಿನಾ ಬಂದು ಕಾದಳು. ಲಿಫ್ಟಿನ ರಿಪೇರಿಯವನು ಬೋಲ್ಟು ಬಿಚ್ಚಲು ತಪ್ಪು ಪಾನಾ ಹಿಡಿದಿದ್ದ. ಅಪ್ಪಣ್ಣ ತುಟಿ ಕಚ್ಚಿಕೊಂಡ. ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟ.

"ಆಕಿ ಕಾಯೂದನ್ನ ಚಲೋ ತೋರ್ಸ್ಯಾರ."

ಶ್ರೀಲಕ್ಷ್ಮಿ ಚಿತ್ರವನ್ನು ಅಲ್ಲೇ ನಿಲ್ಲಿಸಿದಳು. "ನೀವು ಅಸ್ಸಾಮಿನ ಜೋರ್ಹಾಟ್‌ನಾಗ ಇದ್ದಾಗ ನಾನೂ ಗದಗದಾಗ ಹಿಂಗ ಕಾದೀನ್ರಿ. ವರ್ಷದ ಮ್ಯಾಲ ರಜಾ ಸಿಕ್ಕು ಬಂದ್ರಿ. ಒಳಗ ಕಾಲಿಟ್ಟವರು ಮೊದಲ ಏನಂದ್ರಿ, ನೆನಪೈತೇನು?"

ಅವನಿಗೆ ನೆನಪಿರಲಿಲ್ಲ.

"ಬಾಗಿಲಿನ ಚಿಲಕ ಸಡಿಲ ಆಗೇತಿ ಅಂದ್ರಿ. ನಾ ಹೊಸಾ ಸೀರಿ ಉಟ್ಕೊಂಡು ನಿಂತಿದ್ದೆ."

ಅಪ್ಪಣ್ಣನಿಗೆ ಆ ಚಿಲಕ ಕಣ್ಣಿಗೆ ಕಟ್ಟಿತು. ಮೇಲಿನ ಮೊಳೆ ಕಿತ್ತು ಬಂದಿತ್ತು. ಸೀರೆ ಎಷ್ಟು ನೆನೆದರೂ ಕಾಣಲಿಲ್ಲ.

"ಸಡಿಲ ಇತ್ತು," ಎಂದ.

"ಇತ್ತು. ನಾ ಇಲ್ಲ ಅಂದಿಲ್ಲ."

ಅಪ್ಪಣ್ಣ ಟಿವಿಯ ಕಡೆಯೇ ನೋಡುತ್ತ ಹೇಳಿದ. "ಅಂಥಾ ಚಿಲಕ ಹಾಕ್ಕೊಂಡು ಅಷ್ಟು ದಿನ ನೀನೂ ಕೂಸೂ ಇಬ್ಬರ ಮಲಗೀರಿ. ನೋಡಿ ನನಗ ಭಾಳ ಅಂಜಿಕಿ ಆತು."

ಶ್ರೀಲಕ್ಷ್ಮಿ ಅವನ ಕಡೆ ತಿರುಗಿದಳು. "ಅದನ್ನ ಯಾಕ ಹೇಳಲಿಲ್ರಿ ಆವತ್ತು?"

"ಹೇಳಿದ್ನಲ್ಲ," ಎಂದ ಅಪ್ಪಣ್ಣ, ನಿಜಕ್ಕೂ ಅರ್ಥವಾಗದೆ. "ಚಿಲಕ ಸಡಿಲ ಆಗೇತಿ ಅಂತ."

ಶ್ರೀಲಕ್ಷ್ಮಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ಮುಗಿಸಿಕೊಂಡು ಅವಳು ಮತ್ತೆ ಧಾರಾವಾಹಿ ಹಚ್ಚಿದಳು.

ಮುಂದಿನ ವಾರ ನೇಹಾ ಊರಿಂದ ಬಂದು ಕೆಳಗಿನಿಂದಲೇ ಕೂಗಿ ಕರೆದಳು. ಮಂಡಿ ಹಿಡಿದುಕೊಂಡಿದೆ, ಮೆಟ್ಟಿಲು ಇಳಿಯಲಾಗುವುದಿಲ್ಲ ಎಂದು ಶ್ರೀಲಕ್ಷ್ಮಿ ಮೇಲಿನಿಂದಲೇ ಮರಾಠಿಯಲ್ಲಿ ಹೇಳಿದಳು. ಅದೇ ಬೆಳಿಗ್ಗೆ ಅವಳು ಅದೇ ಮೆಟ್ಟಿಲಿಳಿದು ಸೀತಾಬರ್ಡಿ ಪೇಟೆಗೆ ಹೋಗಿ ಬಂದದ್ದನ್ನು ಅಪ್ಪಣ್ಣ ನೋಡಿದ್ದ. ಆದರೆ ಏನೂ ಹೇಳಲಿಲ್ಲ.